ಮಸೂರದ ಹಿಂದಿನ ಕೈಗಳು

ಕ್ಷಯರೋಗದ ಪಾಠ ಬಂದಾಗಲೆಲ್ಲ ನಾನು ಕಪ್ಪುಹಲಗೆಯ ಮೇಲೆ ಒಂದೇ ಸಾಲು ಬರೆಯುತ್ತಿದ್ದೆ: 1882, ರಾಬರ್ಟ್ ಕಾಕ್. ನೀವು ಅದನ್ನು ಉರುಹೊಡೆದು ಒಂದು ಅಂಕ ಗಳಿಸುತ್ತಿದ್ದಿರಿ. ಆ ರೋಗಾಣುವನ್ನು ಅವರು ಯಾವ ಸೂಕ್ಷ್ಮದರ್ಶಕದಲ್ಲಿ ಕಂಡರು, ಅದನ್ನು ಮಾಡಿದವರು ಯಾರು ಎಂದು ನಾನು ಹೇಳಲಿಲ್ಲ, ನೀವೂ ಕೇಳಲಿಲ್ಲ. ವಿಜ್ಞಾನವನ್ನು ಹೀಗೆ ಕಲಿಸಿದ್ದು ತಪ್ಪೆಂದು ಈಗ ನನಗೆ ಖಚಿತವಾಗಿ ಅನ್ನಿಸುತ್ತದೆ.

ಕಾಕ್ ಬಳಸಿದ್ದು ಜರ್ಮನಿಯ ಯೇನಾ ನಗರದ ಕಾರ್ಲ್ ಜೈಸ್ ಕಾರ್ಖಾನೆಯ ಉಪಕರಣವನ್ನು. ಜೈಸ್ 1846ರಲ್ಲಿ ಅಲ್ಲಿ ಒಂದು ಪುಟ್ಟ ಕಾರ್ಯಾಗಾರ ತೆರೆದವರು. ಆ ಕಾಲದಲ್ಲಿ ಮಸೂರಗಳನ್ನು ಉಜ್ಜಿ, ಜೋಡಿಸಿ, ನೋಡಿ, ಸರಿಹೋಗದಿದ್ದರೆ ಮತ್ತೆ ಉಜ್ಜುವುದೇ ಪದ್ಧತಿ. ಕುಶಲಿಗಳ ಅಂದಾಜನ್ನೇ ನೆಚ್ಚಿಕೊಂಡ ಈ ಕ್ರಮ ಜೈಸ್ ಅವರಿಗೆ ತೃಪ್ತಿ ಕೊಡಲಿಲ್ಲ. 1866ರಲ್ಲಿ ಅವರು ವಿಶ್ವವಿದ್ಯಾಲಯದ ತರುಣ ಭೌತವಿಜ್ಞಾನಿ ಅರ್ನ್‌ಸ್ಟ್ ಅಬ್ಬೆಯವರ ನೆರವು ಪಡೆದರು.

ಅಬ್ಬೆಯವರ ಮೊದಲ ಲೆಕ್ಕಾಚಾರ ಸೋತಿತು. ಮಸೂರದೊಳಗೆ ಬೆಳಕು ಬರುವ ದಾರಿಯನ್ನು ಕಿರಿದುಗೊಳಿಸಿದರೆ ಬಿಂಬದ ದೋಷಗಳು ಕಡಿಮೆಯಾಗಬೇಕಿತ್ತು. ಮಾಡಿ ನೋಡಿದರೆ ಸೂಕ್ಷ್ಮ ವಿವರಗಳೇ ಮಾಯವಾಗಿದ್ದವು. ಕುಶಲಿಗಳ ಕೈಯಿಂದ ಬಂದ ಆ ಸೋಲೇ ಅವರನ್ನು ಹೊಸ ಸಿದ್ಧಾಂತಕ್ಕೆ ಕೊಂಡೊಯ್ದಿತು. 1872ರ ಹೊತ್ತಿಗೆ ಜೈಸ್ ಸೂಕ್ಷ್ಮದರ್ಶಕಗಳು ಗಣಿತದ ಆಧಾರದ ಮೇಲೆ ತಯಾರಾಗತೊಡಗಿದವು. ಬೆಳಕಿನ ತರಂಗಾಂತರದ ಸುಮಾರು ಅರ್ಧಕ್ಕಿಂತ ಕಿರಿದಾದ ವಿವರಗಳನ್ನು ಇಂಥ ಉಪಕರಣ ಬೇರ್ಪಡಿಸಿ ತೋರಿಸಲಾರದೆಂದು ಅಬ್ಬೆ 1873ರಲ್ಲಿ ಪ್ರಕಟಿಸಿದರು. ಆದರೆ ಲೆಕ್ಕ ಬೇಡುವಂಥ ಗಾಜೇ ಇರಲಿಲ್ಲ. ಅದನ್ನು ಒದಗಿಸಿದವರು ಗಾಜಿನ ರಸಾಯನ ಬಲ್ಲ ಓಟೋ ಶಾಟ್. 1884ರಲ್ಲಿ ಯೇನಾದಲ್ಲೇ ಅವರ ಗಾಜಿನ ಕಾರ್ಖಾನೆ ಆರಂಭವಾಯಿತು. ಯಂತ್ರಕುಶಲಿ, ಗಣಿತಜ್ಞ, ಗಾಜು ಕರಗಿಸುವವ: ಈ ಮೂವರಲ್ಲಿ ಒಬ್ಬರನ್ನು ಬಿಟ್ಟರೂ ಕಥೆ ಮುಂದೆ ಸಾಗದು.

ಅಬ್ಬೆ ನೂಲಿನ ಗಿರಣಿಯ ಕಾರ್ಮಿಕರೊಬ್ಬರ ಮಗ. ದಿನಕ್ಕೆ 14ರಿಂದ 16 ಗಂಟೆ ದುಡಿದು, ಯಂತ್ರದ ಪಕ್ಕದಲ್ಲೇ ನಿಂತು ಉಣ್ಣುತ್ತಿದ್ದ ತಂದೆಗೆ ಬುತ್ತಿ ಒಯ್ದ ಬಾಲಕ. ಜೈಸ್ 1888ರಲ್ಲಿ ತೀರಿಕೊಂಡರು. ಮರುವರ್ಷ ಅಬ್ಬೆ ಅವರ ಹೆಸರಿನಲ್ಲೇ ಪ್ರತಿಷ್ಠಾನ ಸ್ಥಾಪಿಸಿ, 1891ರಲ್ಲಿ ತಮ್ಮ ಪಾಲನ್ನು ಅದಕ್ಕೆ ಒಪ್ಪಿಸಿದರು. ಕಾರ್ಮಿಕರಿಗೆ ಪಿಂಚಣಿ, ಸಂಬಳಸಹಿತ ರಜೆ, ಲಾಭದಲ್ಲಿ ಪಾಲು ದೊರೆತವು. 1900ರಲ್ಲಿ ಎಂಟು ಗಂಟೆಯ ದುಡಿಮೆ ಜಾರಿಯಾಯಿತು. ಉತ್ಪಾದನೆ ಕುಸಿಯಲಿಲ್ಲ.

ಮುಂದಿನ ಇತಿಹಾಸವೆಲ್ಲ ಉಜ್ವಲವಲ್ಲ. ನಾಜಿಗಳ ಯುದ್ಧಕಾಲದಲ್ಲಿ ಇದೇ ಸಂಸ್ಥೆ ಬಲವಂತದ ದುಡಿಮೆಯನ್ನೂ ಬಳಸಿಕೊಂಡಿತು. 1945ರ ನಂತರ ಸಂಸ್ಥೆಯೂ ದೇಶದಂತೆ ಪೂರ್ವ, ಪಶ್ಚಿಮವೆಂದು ಹೋಳಾಯಿತು. ಜರ್ಮನಿ ಒಂದಾದ ಮೇಲೆ, 1991ರಲ್ಲಿ, ಮತ್ತೆ ಕೂಡಿತು. ಸೋವಿಯತ್ತರು ಯೇನಾದ ಯಂತ್ರಗಳನ್ನು ಕಳಚಿ ಸಾಗಿಸಿದ ಮೇಲೂ ಅಲ್ಲಿ ಕೆಲಸ ಮತ್ತೆ ಎದ್ದು ನಿಂತದ್ದು, ಉಳಿದ ಜನರ ಕೈಗಳಲ್ಲಿದ್ದ ವಿದ್ಯೆಯಿಂದ.

ಇಷ್ಟೆಲ್ಲ ಬರೆಯಲು ಒಂದು ಕಾರಣವಿದೆ. ನಾನಿದ್ದ ಶಾಲೆಯಲ್ಲಿ ಇದ್ದದ್ದು ಒಂದೇ ಸೂಕ್ಷ್ಮದರ್ಶಕ. ಅದು ಗಾಜಿನ ಬೀರುವಿನಲ್ಲಿ, ಬೀಗದ ಕೈ ನನ್ನ ಜೇಬಿನಲ್ಲಿ. ತಪಾಸಣೆಯ ದಿನ ಮಾತ್ರ ಅದು ಮೇಜಿಗೆ ಬರುತ್ತಿತ್ತು. ಒಮ್ಮೆ ಅದರ ತಿರುಪು ಬಿಗಿದುಕೊಂಡಾಗ, ಸೈಕಲ್ ರಿಪೇರಿ ಅಂಗಡಿಯವರ ಮಗನೊಬ್ಬ, "ಒಂದು ಹನಿ ಎಣ್ಣೆ ಬಿಟ್ಟರೆ ಸಾಕು ಸಾರ್, ನಾನು ಸರಿ ಮಾಡ್ತೀನಿ" ಎಂದ. ಮುಟ್ಟಬೇಡ, ಮೊದಲು ಗಣಿತದಲ್ಲಿ ಪಾಸಾಗು ಎಂದು ಗದರಿಸಿದೆ. ತರಗತಿಯೆಲ್ಲ ನಕ್ಕಿತು. ಆತ ಮತ್ತೆಂದೂ ನನ್ನನ್ನು ಏನನ್ನೂ ಕೇಳಲಿಲ್ಲ.

ಜೈಸ್ ಅವರಿಗೆ ಅಬ್ಬೆ ಎಷ್ಟು ಬೇಕಿತ್ತೋ ಅಬ್ಬೆಯವರಿಗೆ ಕುಶಲಿಗಳ ಕೈಯೂ ಅಷ್ಟೇ ಬೇಕಿತ್ತು. ತಲೆಗೆ ಅಂಕ, ಕೈಗೆ ಗದರಿಕೆ ಎಂಬ ನಮ್ಮ ಶಾಲೆಯ ಲೆಕ್ಕದಲ್ಲಿ ಆ ಹುಡುಗನಿಗೆ ಜಾಗವಿರಲಿಲ್ಲ. ಅವನು ಇದನ್ನು ಓದುತ್ತಿದ್ದರೆ, ತಪ್ಪು ನನ್ನದಪ್ಪಾ. ನಿಮ್ಮಲ್ಲಿ ಹಲವರು ಈಗ ಮೇಷ್ಟರಾಗಿದ್ದೀರಿ. ನಿಮ್ಮ ಶಾಲೆಯ ಬೀರುವಿನ ಬೀಗ ತೆಗೆಯಿರಿ. ಉಪಕರಣ ಕೆಟ್ಟರೆ ಸರಿಪಡಿಸುವವನೂ ಅದೇ ತರಗತಿಯಲ್ಲಿ ಕುಳಿತಿರಬಹುದು.