ಕೆಟ್ಟ ನೆಲಕ್ಕೆ ಮೊದಲು ಹುಲ್ಲು

ಗಣಿಗಾರಿಕೆ ಮುಗಿದ ನೆಲವನ್ನು ಹಸಿರು ಮಾಡಬೇಕೆಂದರೆ ನಮ್ಮಲ್ಲಿ ಒಂದೇ ವಿಧಾನ ರೂಢಿಯಲ್ಲಿದೆ. ಮಳೆಗಾಲದಲ್ಲಿ ವನಮಹೋತ್ಸವ ಬರುತ್ತದೆ, ಗುಂಡಿ ತೋಡಿ ಸಸಿ ಇಡುತ್ತಾರೆ, ಭಾಷಣಗಳಾಗುತ್ತವೆ. ಬೇಸಿಗೆ ಬಂದಾಗ ಆ ಸಸಿಗಳ ಯೋಗಕ್ಷೇಮ ವಿಚಾರಿಸುವವರೇ ಇಲ್ಲ. ಈ ಕ್ರಮ ತಲೆಕೆಳಗಾದುದೆಂದು ನನ್ನ ದೃಢವಾದ ಅಭಿಪ್ರಾಯ. ಕೆಟ್ಟ ನೆಲ ಮೊದಲು ಬೇಡುವುದು ಮರವನ್ನಲ್ಲ, ಹುಲ್ಲನ್ನು.

ವಾಚಕ ಮಿತ್ರರೇ, ಕಲ್ಲಿದ್ದಲ ಗಣಿಗಳ ಕಥೆಯನ್ನು ಸ್ವಲ್ಪ ನೋಡೋಣ. ನಮ್ಮ ರಾಜ್ಯದಲ್ಲಿ ಅಂಥ ಗಣಿ ಇಲ್ಲ, ನಿಜ. ಆದರೆ ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ತಿಗಾಗಿ ಸುಡುತ್ತ ಬಂದಿರುವ ಕಲ್ಲಿದ್ದಲು ಸಿಂಗರೇಣಿಯಂಥ ಗಣಿಗಳದೇ ಆದುದರಿಂದ, ಆ ನೆಲದ ಋಣ ನಮ್ಮ ಮೇಲೂ ಇದೆ. ಅಲ್ಲಿ ಅಗೆದು ಸುರಿದ ಮಣ್ಣಿನಲ್ಲಿ ಅನೇಕ ಕಡೆ ಗಂಧಕ ಮತ್ತು ಕಬ್ಬಿಣ ಕೂಡಿದ ಪೈರೈಟ್ ಇರುತ್ತದೆ. ಗಾಳಿ ನೀರು ತಗುಲಿದೊಡನೆ ಅದರಿಂದ ಗಂಧಕಾಮ್ಲ ಹುಟ್ಟುತ್ತದೆ. ಮಣ್ಣು ಹುಳಿಯಾಗಿ ಬೇರು ಕಮರುತ್ತದೆ. ಆ ಹುಳಿಗೆ ಮದ್ದು ಸುಣ್ಣ. ಸುಣ್ಣ ಬೆರೆಸಿದರೂ ಸಾರಜನಕದ ಬಡತನ ಉಳಿಯುತ್ತದೆ. ಅದನ್ನು ನೀಗಿಸಲು ದ್ವಿದಳ ಜಾತಿಯ ಗಿಡಗಳು ಬೇಕು.

ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ. ಶಾಹಾಬಾದ, ಚಿತ್ತಾಪುರದ ಕಡೆ ಫರಸಿ ಕಲ್ಲು ತೆಗೆದು ಬಿಟ್ಟ ಗಣಿಗಳ ಪಕ್ಕದಲ್ಲಿ ಒಡೆದ ಹಾಸುಗಲ್ಲಿನ ರಾಶಿ ಬಿದ್ದಿರುತ್ತದೆ. ಇಲ್ಲಿಯ ರೋಗವೇ ಬೇರೆ. ಸುಣ್ಣಕ್ಕೆ ಕೊರತೆಯಿಲ್ಲ, ಅತಿಯಾಗಿಯೇ ಇದೆ. ರಂಜಕ, ಕಬ್ಬಿಣ ಗಿಡಕ್ಕೆ ದಕ್ಕದಂತೆ ಅದು ಹಿಡಿದಿಡುತ್ತದೆ. ಮೇಲ್ಮಣ್ಣು ಕಲ್ಲಿನಡಿ ಹೂತುಹೋಗಿದೆ. ಮಳೆನೀರು ಸಂದುಗಳಲ್ಲಿ ಜಾರಿ ಮಾಯವಾಗುತ್ತದೆ. ಅಲ್ಲಿಗೆ ನರ್ಸರಿಯ ಸಸಿ ತಂದು ನೆಟ್ಟರೆ ಪಾಪ, ಅದೇನು ಮಾಡೀತು? ಧೂಳು ತುಂಬಿದ ಕಲ್ಲಿನ ಸಂದಿನಲ್ಲಿ ಎಕ್ಕ, ಕರಿಕೆ, ನೆಗ್ಗಿಲು, ಕೊಗ್ಗಿ ಮಾತ್ರ ಯಾರ ಹಂಗೂ ಇಲ್ಲದೆ ಬರುತ್ತವೆ. ಇವನ್ನು ನಾವು ಕಸವೆನ್ನುತ್ತೇವೆ! ಇವುಗಳ ಎಲೆ ಉದುರಿ ಕೊಳೆತೇ ಅಲ್ಲಿ ಮೊದಲ ಹಿಡಿ ಮಣ್ಣು ಹುಟ್ಟಬೇಕು. ಬಳ್ಳಾರಿ ಜಾಲಿಯೂ ಬರುತ್ತದೆ. ಆದರೆ ಅದು ಬೇರೆ ಗಿಡಕ್ಕೆ ಜಾಗ ಬಿಡದ ಅತಿಥಿಯಾದುದರಿಂದ ನಾನು ಅದರ ಪರ ವಾದಿಸಲಾರೆ.

ಇದೇನು ಹೊಸ ಶಾಸ್ತ್ರವಲ್ಲ. ನೆಹರು ಗಂಜಿಗೆ ತೊಗರಿ ಚೀಲ ತರುವ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ: ತೊಗರಿ ಬೆಳೆದ ಹೊಲದಲ್ಲಿ ಮರುವರ್ಷ ಜೋಳ ಚೆನ್ನಾಗಿ ಬರುತ್ತದೆ. ತೊಗರಿಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಉದುರಿದ ಎಲೆಯಿಂದ ಅದು ನೆಲ ಸೇರುತ್ತದೆ. ಕಲ್ಲುರಾಶಿಯ ಮೇಲೆ ಕೊಗ್ಗಿ ಮಾಡುವುದೂ ಇದೇ ಕೆಲಸ. 2019ರಲ್ಲಿ ನಮ್ಮ ತೊಗರಿಗೆ ಭೌಗೋಳಿಕ ಮಾನ್ಯತೆ ಸಿಕ್ಕಾಗ ಹಿಗ್ಗಿದ ನಾವು, ಅದೇ ಕುಲದ ಬಡ ಗಿಡವನ್ನು ಗುರುತಿಸುವುದಿಲ್ಲ.

ಪ್ರಕೃತಿಯೇ ಎಲ್ಲವನ್ನೂ ಸರಿಮಾಡುತ್ತದೆ, ಸುಮ್ಮನೆ ಬಿಡಿ ಎನ್ನುವವರಿದ್ದಾರೆ. ಅವರು ಕೋಲಾರದ ಚಿನ್ನದ ಗಣಿಯನ್ನು ನೋಡಬೇಕು. 2001ರಲ್ಲಿ ಗಣಿ ಮುಚ್ಚಿತು. ಸಯನೈಡಿನಿಂದ ಚಿನ್ನ ತೆಗೆದು ಸುರಿದ ಹಿಟ್ಟಿನಂಥ ಮಣ್ಣಿನ ದಿಬ್ಬಗಳು ಇನ್ನೂ ಬಹುಮಟ್ಟಿಗೆ ಬೋಳಾಗಿವೆ. ಗಾಳಿ ಬೀಸಿದರೆ ಆ ಧೂಳು ಕಾರ್ಮಿಕರ ಮನೆಗಳ ಮೇಲೆ ಬೀಳುತ್ತದೆ. ಕಾಯುವವರು ಎಷ್ಟು ತಲೆಮಾರು ಕಾಯಬೇಕು? ಪ್ರಕೃತಿಗೆ ನಾವು ಕೈಗೂಡಿಸಲೇಬೇಕು. ಆದರೆ ಅದು ತೋರಿಸಿದ ದಾರಿಯಲ್ಲಿ. ಬ್ರಾಡ್‌ಷಾ ಎಂಬ ಸಸ್ಯವಿಜ್ಞಾನಿ 1952ರಲ್ಲಿ ವೇಲ್ಸಿನ ಹಳೆಯ ಸೀಸದ ಗಣಿಯ ಹುಲ್ಲನ್ನು ಕುರಿತು ಬರೆದರು. ಗಣಿಯ ವಿಷಮಣ್ಣಿನಲ್ಲಿ ಬದುಕಿದ ಹುಲ್ಲು ಆ ವಿಷವನ್ನು ತಾಳುತ್ತಿತ್ತು. ಅದೇ ಜಾತಿಯ ಸಾಮಾನ್ಯ ಹುಲ್ಲಿಗೆ ಅದು ಸಾಧ್ಯವಾಗಲಿಲ್ಲ. ಬೀಜವನ್ನು ಎಲ್ಲಿಂದ ಆರಿಸಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೆ?

ನ್ಯಾಯಾಲಯವೂ ಹುಲ್ಲಿನ ಪಕ್ಷವನ್ನೇ ಹಿಡಿದಿದೆ. ಗಣಿಗಾರಿಕೆ ಮುಗಿದ ಮೇಲೆ ಗುತ್ತಿಗೆದಾರರು ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ ಮೇವಿಗೆ ಯೋಗ್ಯವಾಗಿಸಬೇಕೆಂಬ ಷರತ್ತು ವಿಧಿಸುವಂತೆ ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ಆಡು ಕುರಿ ಮೇಯಿಸುವವರಿಗೆ ಸಾಲುಮರದ ಫಲಕಕ್ಕಿಂತ ಇದು ಹೆಚ್ಚು ಉಪಕಾರ.

ನಮ್ಮದು ಕಲಾ ಕಾಲೇಜು. ಸಸ್ಯಶಾಸ್ತ್ರ ನಮ್ಮ ಪಾಠದಲ್ಲಿಲ್ಲ. ಆದರೂ ಕೊಗ್ಗಿಯ ಕಾಯಿ ಆರಿಸಲು ಪದವಿ ಬೇಕಾಗಿಲ್ಲ. ಮುಂದಿನ ಸೇವಾ ಶಿಬಿರವು ಶಾಹಾಬಾದದ ಕಡೆ ನಡೆಯುವುದಾದರೆ, ಸಸಿಗಳ ಬದಲು ಅಲ್ಲಿಯ ಗಣಿಯಂಚಿನಲ್ಲೇ ಕೂಡಿಸಿದ ಒಂದು ಚೀಲ ಬೀಜ, ಒಂದು ಬಂಡಿ ಕೆರೆಯ ಹೂಳು ಒಯ್ಯಲು ಅಧ್ಯಾಪಕರು ಅನುಮತಿ ಕೊಡಬೇಕೆಂದು ಬೇಡುತ್ತೇನೆ.