ಬಿಟ್ಟಿ ರಿಪೇರಿಯವನ ತಪ್ಪೊಪ್ಪಿಗೆ

ಮೊನ್ನೆ ಭಾನುವಾರ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮ, ಫ್ರೆಂಡ್ ಲ್ಯಾಪ್‌ಟಾಪ್ ಆನ್ ಆಗ್ತಿರ್ಲಿಲ್ಲ. ಯೂಟ್ಯೂಬ್ ನೋಡ್ಕೊಂಡು ಬಿಚ್ಚಿ ಮತ್ತೆ ಜೋಡಿಸ್ದೆ. ಒಂದು ಸ್ಕ್ರೂ ಉಳ್ಕೊಂಡಿದೆ, ಪರ್ವಾಗಿಲ್ವಾ?" ನಗು ಬಂತು. ಸ್ಕ್ರೂ ಉಳಿಸೋದು ನಮ್ಮ ವಂಶದಲ್ಲೇ ಇದೆ ಅನ್ಸತ್ತೆ :-) "ದುಡ್ಡು ಏನಾದ್ರೂ ತಗೋತಿದೀಯೇನೋ?" ಅಂದೆ. "ಛೇ, ಫ್ರೆಂಡ್ ಅಲ್ವಾ, ಫ್ರೀ" ಅಂದ. ಅಲ್ಲಿಗೆ ನನ್ನ ನಗು ನಿಂತಿತು.

ನನ್ನ ತಕರಾರು ಇರೋದು ಆ 'ಫ್ರೀ' ಮೇಲೇ. ಬಿಚ್ಚೋದರ ಮೇಲಲ್ಲ. ಬಿಚ್ಚದೇ ಯಾರೂ ಏನೂ ಕಲಿತಿಲ್ಲ, ನಾನಂತೂ ಕಲಿತಿದ್ದೆಲ್ಲ ಸುಟ್ಟ ವಾಸನೆಯಲ್ಲೇ.

2004ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದೊಂದೇ ಸಾಮಾನು ಕೊಂಡು ನನ್ನ ಮೊದಲ ಕಂಪ್ಯೂಟರ್ ಜೋಡಿಸಿದ್ದು. ಎಸ್‌ಎಂಪಿಎಸ್ ಹಿಂದೆ ಒಂದು ಪುಟ್ಟ ಕೆಂಪು ಸ್ವಿಚ್ಚು, 115 ಮತ್ತು 230 ಅಂತ. ಕಮ್ಮಿ ಇದ್ರೆ ಸೇಫು ಅಂತ ಜಾಣನ ಹಾಗೆ 115ಕ್ಕೆ ತಳ್ಳಿದೆ. ಪ್ಲಗ್ ಹಾಕಿದ್ದೇ ತಡ, ಢಂ! ಆ ಸ್ವಿಚ್ಚು 115ರಲ್ಲಿದ್ದರೆ ಬಂದ ವೋಲ್ಟೇಜನ್ನ ಒಳಗೆ ದುಪ್ಪಟ್ಟು ಮಾಡ್ಕೊಳತ್ತೆ, ನಮ್ಮ ಗೋಡೆಯಲ್ಲಿ ಬರೋದೇ 230 ಅಂತ ಆಮೇಲೆ ಗೊತ್ತಾಯ್ತು. ಓನರ್ ಆಂಟಿ ಮೇಲೆ ಬಂದು "ಕುಕ್ಕರ್ ಸಿಡೀತಾ?" ಅಂತ ಕೇಳಿದ್ರು.

ಇನ್ನೊಂದ್ಸಲ ಪೆಂಟಿಯಂ 4ರ ಹೀಟ್‌ಸಿಂಕ್ ಧೂಳು ಒರೆಸೋಣ ಅಂತ ಎಳೆದರೆ ಪ್ರೊಸೆಸರೂ ಅದಕ್ಕೇ ಅಂಟಿಕೊಂಡು ಸಾಕೆಟ್ಟಿನಿಂದ ಕಿತ್ತು ಬಂತು, ಬೇರು ಸಮೇತ ಗಿಡ ಬಂದ ಹಾಗೆ. 478 ಪಿನ್ನು. ಬಾಗಿದ್ದನ್ನ ಖಾಲಿ ರೀಫಿಲ್ ತೂರಿಸಿ ಒಂದೊಂದಾಗಿ ನೆಟ್ಟಗೆ ಮಾಡುತ್ತಾ ರಾತ್ರಿಯೆಲ್ಲ ಕೂತಿದ್ದೆ. (ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಆಫ್ ಮಾಡಿ, ಪೇಸ್ಟ್ ಬಿಸಿ ಇರುವಾಗ ಮೆಲ್ಲಗೆ ತಿರುಗಿಸಿ ತೆಗೀಬೇಕಂತೆ.) ಮುಂದಿನ ಯುಎಸ್‌ಬಿಯ ಬಿಡಿ ವೈರುಗಳನ್ನ ಉಲ್ಟಾ ಚುಚ್ಚಿ ಒಂದು ಪೆನ್‌ಡ್ರೈವ್ ಸುಟ್ಟೆ. ಅದ್ಯಾಕೆ ಸುಟ್ಟಿತು ಅಂತ ಪರೀಕ್ಷೆ ಮಾಡೋಕೆ ಎರಡನೇದನ್ನೂ ಅದಕ್ಕೇ ಚುಚ್ಚಿದೆ.....

ಇದಕ್ಕೆಲ್ಲ ನನಗೆ ಬೇಜಾರಿಲ್ಲ. ನನ್ನ ದುಡ್ಡು, ನನ್ನ ಹೊಗೆ.

ಬೇಜಾರಿರೋದು 2006ರ ಬೇಸಗೆಯದ್ದಕ್ಕೆ. ತೀರ್ಥಹಳ್ಳಿ ಹತ್ತಿರದ ನಮ್ಮೂರಿನಲ್ಲಿ ದೊಡ್ಡಪ್ಪ ಇದ್ರು, ರಿಟೈರಾದ ಕನ್ನಡ ಮೇಷ್ಟ್ರು. ನಮ್ಮ ಕಡೆ ಮಾತುಗಳನ್ನ ವರ್ಷಗಟ್ಟಲೆ ಚೀಟಿಗಳಲ್ಲಿ ಬರೆದಿಟ್ಟಿದ್ರು. ಹಡ್ಲು, ಮಕ್ಕಿ, ಬ್ಯಾಣ, ಕೊಟ್ಟೆ, ಹೀಗೆ ಗದ್ದೆ, ತೋಟ, ಅಡುಗೆಮನೆಯ 1,400 ಪದ. ಮಗ ಕಂಪ್ಯೂಟರ್ ತಂದುಕೊಟ್ಟ ಮೇಲೆ 'ಬರಹ'ದಲ್ಲಿ ಒಂದೇ ಬೆರಳಲ್ಲಿ ಎಲ್ಲವನ್ನೂ ಟೈಪ್ ಮಾಡಿದ್ರು. ಟೈಪಾದ ಚೀಟಿಗಳೆಲ್ಲ ಬಚ್ಚಲೊಲೆಗೆ ಹೋದವು, ಕಂಪ್ಯೂಟರಲ್ಲಿ ಇದೆಯಲ್ಲ ಅಂತ.

ನಾನು ರಜಕ್ಕೆ ಹೋದಾಗ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿತ್ತು. "ಪೇಟೆಗೆ ಒಯ್ಲನಾ?" ಅಂದ್ರು. "ಅಂಗಡಿಯವ್ರು ಸುಮ್ನೆ ದುಡ್ಡು ಕೀಳ್ತಾರೆ, ನಾನಿಲ್ವಾ" ಅಂದೆ. ಮೊದಲು ಹತ್ತಾರು ಸಲ ಆನ್-ಆಫ್ ಮಾಡಿದೆ. ಆಮೇಲೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟೆ, ಎಲ್ಲೋ ಇಂಟರ್‌ನೆಟ್ಟಿನಲ್ಲಿ ಓದಿದ್ದೆ. ಕೊನೆಗೆ ಜಗಲಿಯಲ್ಲಿ ಕೂತು, ಒಣಹಾಕಿದ ಅಡಿಕೆ ಪಕ್ಕದಲ್ಲಿ, ಅದರ ಮುಚ್ಚಳವನ್ನೇ ಬಿಚ್ಚಿಬಿಟ್ಟೆ. ಸೂಜಿ ಎಲ್ಲಾದ್ರೂ ಸಿಕ್ಕಿಕೊಂಡಿದ್ರೆ ಬಿಡಿಸೋಣ ಅಂತ! ಆ 'ಸೂಜಿ' ತಟ್ಟೆಗಿಂತ ಕೆಲವೇ ನ್ಯಾನೋಮೀಟರ್ ಮೇಲೆ ತೇಲತ್ತೆ. ನಮ್ಮ ಕೂದಲಿನ ದಪ್ಪವೇ ಐವತ್ತು ಸಾವಿರ ನ್ಯಾನೋಮೀಟರಿನ ಮೇಲೆ. ಜಗಲಿ ಧೂಳಿನ ಒಂದು ಕಣವೂ ಅದಕ್ಕೆ ಬಂಡೆಯೇ. ಮತ್ತೆ ಕರೆಂಟ್ ಕೊಟ್ಟಾಗ ಕೇಳಿದ ಕರ್ ಅನ್ನೋ ಸದ್ದು ಈಗಲೂ ನೆನಪಿದೆ.

"ಎಂತದೂ ಉಳೀಲಿಲ್ವನಾ?" ಅಂದ್ರು. ನಾನು ತಲೆ ಅಲ್ಲಾಡಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡು ಮಾರಾಯ, ನೀನಾದ್ರೂ ಎಷ್ಟು ಕಷ್ಟಪಟ್ಟೆ" ಅಂದು, ಒಳಗೆ ಕೂಗಿ ನನಗೆ ಕಾಫಿ ತರಿಸಿದ್ರು.

ನೋಡಿ, ಆ ಕಾಫಿಯೇ ನನ್ನ ಪ್ರಕಾರ ಬಿಟ್ಟಿ ರಿಪೇರಿಯ ನಿಜವಾದ ರೇಟು. ಅಂಗಡಿಯವನಾಗಿದ್ರೆ ದೊಡ್ಡಪ್ಪ ಕೂಗಾಡ್ತಿದ್ರು. ನನಗೆ ಬೈಯೋಕಾಗಲಿಲ್ಲ, ದುಡ್ಡು ಕೊಟ್ಟಿರಲಿಲ್ಲವಲ್ಲ. ಇದು ಗೊತ್ತಿದ್ದೇ ನಾವು ಧೈರ್ಯವಾಗಿ ಕೈ ಹಾಕೋದು. 'ಡಾಟಾ ಹೋದರೆ ನಾವು ಜವಾಬ್ದಾರರಲ್ಲ' ಅಂತ ಸೈನ್ ಹಾಕಿಸ್ಕೊಳ್ಳೋ ಅಂಗಡಿಯ ಚೀಟಿ ನೋಡಿ ನಾನೂ ನಗ್ತಿದ್ದೆ. ಆದ್ರೆ 'ಹೋಗಬಹುದು' ಅಂತ ಆ ಚೀಟಿ ಮೊದಲೇ ಹೇಳತ್ತೆ. ನಾನು ಹೇಳಿರಲಿಲ್ಲ. ಒಳಗೇನಿದೆ ಅಂತಲೂ ಕೇಳಿರಲಿಲ್ಲ. ಆ 1,400 ಪದ 1.44 ಎಂಬಿಯ ಒಂದೇ ಒಂದು ಫ್ಲಾಪಿಯಲ್ಲಿ ಹಿಡೀತಿದ್ವು. ಹಿಂದಿನ ರಜೆಯಲ್ಲಿ ಅದೇ ಕಂಪ್ಯೂಟರಿಗೆ ಆಟಗಳನ್ನ ಹಾಕಿಕೊಟ್ಟಿದ್ದೆ, ಒಂದು ಫ್ಲಾಪಿ ಮಾಡಿಕೊಡಬೇಕು ಅಂತ ಹೊಳೀಲಿಲ್ಲ.

ಟಕ್ ಟಕ್ ಅಂದ ತಕ್ಷಣ ಕರೆಂಟ್ ತೆಗೆದು, ಮತ್ತೆ ಆನ್ ಮಾಡದೇ ಡಾಟಾ ತೆಗೆಯುವವರ ಹತ್ತಿರ ಒಯ್ಯಬೇಕಿತ್ತು. ಧೂಳಿಲ್ಲದ ಕೋಣೆಯಲ್ಲಿ ಮುಚ್ಚಳ ತೆಗೆದು ಹೆಡ್ ಬದಲಿಸಿ ನೋಡುವವರಿದ್ದಾರೆ. ಖರ್ಚು ಜಾಸ್ತಿಯೇ. ಆದರೆ ಆ ಖರ್ಚು ಮಾಡಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಿದ್ದವರು ದೊಡ್ಡಪ್ಪ, ನಾನಲ್ಲ. ಈಗಿನ ಎಸ್‌ಎಸ್‌ಡಿಗಳು ಹಾಳಾಗುವಾಗ ಟಕ್ ಅಂತಲೂ ಅನ್ನಲ್ಲ, ಒಂದು ಬೆಳಿಗ್ಗೆ ಸುಮ್ಮನೆ ಕಾಣೆಯಾಗಿರತ್ತೆ.

ಅಕ್ಕನ ಮಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಫ್ರೆಂಡಿನ ಹತ್ತಿರ ನೂರು ರೂಪಾಯಿಯಾದ್ರೂ ಇಸ್ಕೋ, ಅವನಿಗೆ ಬೈಯೋಕೆ ಬಾಯಿ ಬರಲಿ ಅಂದೆ. ಅವನಿಗೆ ಅರ್ಥ ಆಗಲಿಲ್ಲ.

ದೊಡ್ಡಪ್ಪ 2014ರಲ್ಲಿ ಹೋದರು. ಅಷ್ಟರೊಳಗೆ ಹಳೇ ಡೈರಿಯೊಂದರಲ್ಲಿ ನೆನಪಾದಷ್ಟನ್ನ ಮತ್ತೆ ಬರೆದಿದ್ರು, ಎಡಗಡೆ ಪದ, ಬಲಗಡೆ ಅರ್ಥ. ಎಣಿಸಿದೆ, 612 ಇದೆ. ಈಗ ಯೂನಿಕೋಡಿನಲ್ಲಿ ನಾನೇ ಟೈಪ್ ಮಾಡ್ತಾ ಇದೀನಿ, ಮೂರು ಕಡೆ ಕಾಪಿ ಇಟ್ಕೊಂಡು. ಒಂದು ಪುಟದಲ್ಲಿ ಬಲಗಡೆ 'ಮಳೆ ಬಿಟ್ಟ ಮೇಲೆ ಮರದಿಂದ ಬೀಳುವ ಹನಿ' ಅಂತ ಬರೆದಿದೆ, ಎಡಗಡೆ ಖಾಲಿ. ಮರದ ಹನಿ ಅನ್ನೋದು ಎಲ್ಲರಿಗೂ ಗೊತ್ತು, ಅದಲ್ಲ, ಅದಕ್ಕೇ ಅಂತ ಒಂದು ಪದ ಇತ್ತು ಅಂತಿದ್ರು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯವರು ಯಾರಾದ್ರೂ ಮನೆಯ ಹಿರಿಯರನ್ನ ಕೇಳಿ ತಿಳಿಸ್ತೀರಾ?