ಗುಡಿ ನೋಡಿ ಗಾಡಿ ಹತ್ತಿದ್ರ ಪ್ಯಾಟಿಗೆ ಏನು ಬಂತು? ಊರು ತೋರಿಸೋ ನಡಿಗೆ ನಮ್ಮ ತಾಲೂಕುಗಳಿಗೂ ಬೇಕು

ಅಣ್ಣಿಗೇರಿ: ರವಿವಾರ ಅಮೃತೇಶ್ವರ ಗುಡಿ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಹೊರಗಿನ ಊರಿನ ಕಾರು ಬರುತ್ತವೆ. ಮಂದಿ ಇಳಿತಾರೆ, ಕಂಬದ ಮುಂದೆ ಫೋಟೊ ತಗೊಂತಾರೆ, ಅರ್ಧ ತಾಸಿನೊಳಗೆ ಮತ್ತೆ ಗಾಡಿ ಹತ್ತಿ ಗದಗ, ಲಕ್ಕುಂಡಿ ಕಡೆ ಹೋಗಿಬಿಡ್ತಾರೆ. ಬಜಾರದಾಗ ಒಂದು ಕಪ್ ಚಾ ಸುದ್ದಾ ಕುಡಿಯೋದಿಲ್ಲ. ಅವರದೇನೂ ತಪ್ಪಿಲ್ಲ. ಗುಡಿ ಬಿಟ್ಟು ಊರಾಗ ಮತ್ತೇನು ನೋಡಬೇಕು ಅಂತ ಅವರಿಗೆ ಹೇಳೋರು ಯಾರದಾರ?

ಲಕ್ಕುಂಡಿಯಲ್ಲಿ ಉತ್ಖನನ, ಯುನೆಸ್ಕೊ ಪಟ್ಟಿ ಅಂತ ಮಾತು ಜೋರಾಗಿದೆ. ಅಲ್ಲಿಗೆ ಹೋಗೋ ಮಂದಿ ಹೆಚ್ಚಾದರೆ ದಾರಿಯಲ್ಲಿರೋ ಅಣ್ಣಿಗೇರಿಗೆ ಏನು ಸಿಗಬೇಕು ಅನ್ನೋ ಪ್ರಶ್ನೆ ಈಗಲೇ ಕೇಳಬೇಕು.

ಬೇರೆ ಕಡೆ ಏನು ಮಾಡಿದಾರೆ?

ದೊಡ್ಡ ಊರುಗಳಲ್ಲಿ 'ಪಾರಂಪರಿಕ ನಡಿಗೆ' ಅಂತ ಮಾಡ್ತಾರೆ. ತಿಳಿದವರೊಬ್ಬರು ಮುಂದೆ, ಇಪ್ಪತ್ತು ಮೂವತ್ತು ಮಂದಿ ಹಿಂದೆ. ಓಣಿ ಓಣಿ ತಿರುಗಿ ಈ ಕಟ್ಟಡ ಯಾರು ಕಟ್ಟಿದ್ರು, ಯಾಕೆ ಹೀಗೆ ಕಟ್ಟಿದ್ರು ಅಂತ ಹೇಳ್ತಾರೆ. ಮೈಸೂರಿನಲ್ಲಿ ದಸರಾ ಬಂದರೆ ಇದು ಇದ್ದೇ ಇರ್ತದೆ. ಬೆಂಗಳೂರಿನಲ್ಲೂ ನಡೀತದೆ.

ಇದರಲ್ಲಿ ನಾವು ನೋಡಬೇಕಾದ್ದು ಅಹಮದಾಬಾದ್. 1997ರ ನವೆಂಬರ್‌ನಲ್ಲಿ ಅಲ್ಲಿಯ ಮಹಾನಗರ ಪಾಲಿಕೆಯೇ ಮುಂದೆ ನಿಂತು ಮುಂಜಾನೆ ನಡಿಗೆ ಶುರು ಮಾಡ್ತು. ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಹಳೇ ಓಣಿಗಳನ್ನು ದಾಟಿ ಜಾಮಾ ಮಸೀದಿಗೆ ಮುಗಿಯುತ್ತದೆ. ಇಪ್ಪತ್ತು ವರ್ಷ ಆದ ಮೇಲೆ, 2017ರಲ್ಲಿ, ಆ ಹಳೇ ನಗರ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಭಾರತದ ನಗರಗಳಲ್ಲಿ ಅದೇ ಮೊದಲು. ನಡಿಗೆಯಿಂದಲೇ ಪಟ್ಟಿ ಸೇರಿತು ಅಂತ ನಾ ಹೇಳೋದಿಲ್ಲ. ಆದರೆ ತಮ್ಮ ಓಣಿಗೆ ಬೆಲೆ ಐತಿ ಅಂತ ಅಲ್ಲಿಯ ಮಂದಿಗೆ ಗೊತ್ತಾಗೋಕೆ ಅದು ದಾರಿ ಮಾಡಿತು.

ಅಮೆರಿಕದ ಶಿಕಾಗೊದಲ್ಲಿ 1966ರಲ್ಲಿ ಒಂದೇ ಒಂದು ಮನೆ, ಗ್ಲೆಸ್ನರ್ ಹೌಸ್ ಅಂತ, ಕೆಡವದಂತೆ ಉಳಿಸಲಿಕ್ಕೆ ಕೆಲವರು ಕೂಡಿ ಸಂಸ್ಥೆ ಕಟ್ಟಿದರು. ಇವತ್ತು ಇಡೀ ಊರಿನ ಕಟ್ಟಡ ತೋರಿಸೋ ಪ್ರವಾಸ ನಡೆಸೋದು ಅದೇ ಸಂಸ್ಥೆ. ಒಂದು ಮನೆಯಿಂದ ಶುರುವಾಗಿದ್ದು ಅನ್ನೋದು ನೆನಪಿರಲಿ.

ನಮ್ಮಲ್ಲಿ ಏನೈತಿ?

ಅಮೃತೇಶ್ವರ ಗುಡಿ 1050ರ ಸುಮಾರಿನದು, ಕಲ್ಯಾಣ ಚಾಲುಕ್ಯರ ಕಾಲದ್ದು, 76 ಕಂಬದ್ದು. ಬಾದಾಮಿ, ಐಹೊಳೆಯ ಗುಡಿಗಳು ಮರಳುಗಲ್ಲಿನವು. ಇದು ಬಳಪದ ಕಲ್ಲಿನದು. ಆ ಕಲ್ಲು ಮೆತ್ತಗಿರೋದರಿಂದ ಉಳಿ ಹಿಡಿದವರಿಗೆ ಸಣ್ಣ ಕೆತ್ತನೆ ಮಾಡೋಕೆ ಬಂತು. ಮುಂದೆ ಹೊಯ್ಸಳರು ಹಿಡಿದದ್ದೂ ಅದೇ ಕಲ್ಲು. ಈ ಒಂದು ಮಾತು ತಿಳಿದರೆ ಗುಡಿ ನೋಡೋ ಕಣ್ಣೇ ಬೇರೆ ಆಗ್ತದೆ.

ಕುಂದಗೋಳದಲ್ಲಿ ಶಂಭುಲಿಂಗ ಗುಡಿ ಐತಿ, ನಾಡಿಗೇರ ವಾಡೆ ಐತಿ. ಸವಾಯಿ ಗಂಧರ್ವರು ನೆಲೆಸಿದ್ದ ಊರು ಇದು. ಭೀಮಸೇನ ಜೋಶಿ ಇಲ್ಲೇ ಉಳಿದು ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗ್ತಿದ್ದರು. ಸ್ವಾತಂತ್ರ್ಯದ ತನಕ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು ಅನ್ನೋದು ಈಗಿನ ಕಾಲೇಜು ಹುಡುಗರಿಗೆ ಎಷ್ಟು ಮಂದಿಗೆ ಗೊತ್ತು?

ನವಲಗುಂದದ ಜಮಖಾನಕ್ಕೆ ಜಿಐ ಟ್ಯಾಗ್ ಸಿಕ್ಕಿದೆ. ನೇಯೋರು ಹೆಣ್ಣುಮಕ್ಕಳು, ಅದೂ ಮನೆಯೊಳಗೆ. ಕಲಘಟಗಿಯ ತೊಟ್ಟಿಲು, ಅದರ ಅರಗಿನ ಬಣ್ಣ, ಮೇಲೆ ಬರೆದ ರಾಮಾಯಣ, ಕೃಷ್ಣಲೀಲೆ ಎಲ್ಲರಿಗೂ ಗೊತ್ತು. ಮಾಡೋ ಮನೆತನ ಮಾತ್ರ ಬೆರಳೆಣಿಕೆ. ಮಗ್ಗ ಯಾವ ಪಡಸಾಲಿಯೊಳಗೆ ನಿಲ್ತದೆ, ಬಣ್ಣ ಯಾವ ಕಟ್ಟಿ ಮೇಲೆ ಒಣಗ್ತದೆ ಅನ್ನೋದನ್ನು ಬಿಟ್ಟು ಇವನ್ನು ಬರೇ ಸಾಮಾನು ಅಂತ ನೋಡೋಕೆ ಬರೋದಿಲ್ಲ. ಮನೆ ಮತ್ತು ಕಸುಬು ಕೂಡೇ ಬೆಳೆದವು.

ಇನ್ನು ನಮ್ಮ ಸಾದಾ ಮಾಳಿಗೆ ಮನೆ. ದಪ್ಪ ಮಣ್ಣಿನ ಗೋಡೆ, ಕಟ್ಟಿಗೆ ಕಂಬ, ಮೇಲೆ ಸವಳು ಮಣ್ಣು, ನಡುವೆ ಬೆಳಕಿಂಡಿ, ನೆಲದೊಳಗೆ ಜೋಳದ ಹಗೇವು. ಬ್ಯಾಸಗಿಯಲ್ಲಿ ಫ್ಯಾನ್ ಇಲ್ಲದೆ ಮಲಗಬಹುದಾದ ಮನೆ. ಎರಿ ಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿತದೆ, ಅದಕ್ಕೆ ಪಾಯ ಎಷ್ಟು ಇಳಿಸಬೇಕು ಅಂತ ಹಳೇ ಗೌಂಡಿಗಳಿಗೆ ಗೊತ್ತಿತ್ತು. ಅವರು ಹೋದರೆ ಆ ತಿಳಿವಳಿಕೆಯೂ ಹೋಯ್ತು.

ಆದರೆ ಆ ಮನೆಯಲ್ಲಿ ಇರೋರ ಪಾಡೇನು?

ಇಲ್ಲಿ ಒಂದು ಮಾತು ಸ್ಪಷ್ಟ ಹೇಳಬೇಕು. ಕಾಂಕ್ರೀಟ್ ಮನೆಯಲ್ಲಿ ಕೂತು 'ಮಣ್ಣಿನ ಮನೆ ಚಂದ' ಅನ್ನೋದು ಸುಲಭ. 2019ರ ಆಗಸ್ಟ್ ಮಳೆ, ಬೆಣ್ಣಿಹಳ್ಳ–ತುಪ್ಪರಿಹಳ್ಳದ ನೀರು ನೋಡಿದ ನವಲಗುಂದ ತಾಲೂಕಿನ ಮಂದಿಗೆ ಮಣ್ಣಿನ ಗೋಡೆ ಅಂದ್ರೆ ರಾತ್ರಿ ನಿದ್ದಿ ಇಲ್ಲದ ಹೆದರಿಕೆ. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ತನಕ ಪರಿಹಾರ ಘೋಷಿಸಿತು. ಹೊಸದು ಕಟ್ಟಲಿಕ್ಕೆ ಹಣ ಸಿಗ್ತದೆ, ಹಳೇದು ಬೀಳದಂಗ ರಿಪೇರಿ ಮಾಡಲಿಕ್ಕೆ ಕೈ ಹಿಡಿಯೋರು ಯಾರೂ ಇಲ್ಲ. ಹಿಂಗಾದ್ರೆ ಮಂದಿ ಕೆಡವದೇ ಏನು ಮಾಡಬೇಕು?

ಅಂಗಡಿಕಾರರದ್ದು ಇನ್ನೊಂದು ಚಿಂತೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷೇಧ. ಅದರಾಚೆ 200 ಮೀಟರ್ ಅನುಮತಿ ತಗೊಂಡೇ ಕಟ್ಟಬೇಕು. 2010ರ ತಿದ್ದುಪಡಿ ಇದು. ಅಂದರೆ ಗುಡಿ ಹತ್ತಿರ ಇರೋರಿಗೆ ಪರಂಪರೆಯಿಂದ ಸಿಕ್ಕಿದ್ದು ಬರೇ ನಿರ್ಬಂಧ. ಲಾಭ ಮಾತ್ರ ಬಂದಿಲ್ಲ. ಆ ಓಣಿಯವರು ಸಿಟ್ಟಾದರೆ ಅದರಲ್ಲಿ ಅರ್ಥ ಐತಿ. ಒಂದು ಮಾತು ನೆನಪಿರಲಿ: 100 ಮೀಟರ್ ಒಳಗೂ ಹಳೇ ಮನೆಯ ರಿಪೇರಿಗೆ ಅನುಮತಿ ಕೇಳಲು ಅವಕಾಶ ಐತಿ. ಇದನ್ನು ಅರ್ಜಿ ಸಮೇತ ಮಂದಿಗೆ ತಿಳಿಸೋದು ಪುರಸಭೆಯ ಕೆಲಸ.

ತಡ ಮಾಡಿದರೆ ಏನಾಗ್ತದೆ ಅನ್ನೋದಕ್ಕೆ ಮೈಸೂರೇ ಸಾಕ್ಷಿ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು 4 ಮಂದಿ ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ಕೆಡವಬೇಕೋ ಉಳಿಸಬೇಕೋ ಅಂತ ವರ್ಷಗಟ್ಟಲೆ ವಾದ. ನಡುವೆ ಸಿಕ್ಕಿಬಿದ್ದವರು ಅಂಗಡಿಕಾರರು. ಪಾರಂಪರಿಕ ನಡಿಗೆ ಮಾಡೋ ಊರಲ್ಲೇ ಹೀಗಾಯ್ತು. ಅಂದಮೇಲೆ ನಡಿಗೆ, ಭಾಷಣ ಇಷ್ಟರಿಂದಲೇ ಕಟ್ಟಡ ಉಳಿಯೋದಿಲ್ಲ. ಹೆಂಚು, ತೊಲೆ, ಗಟಾರ ವರ್ಷಾ ವರ್ಷಾ ನೋಡಬೇಕು.

ಹಂಗಾದ್ರೆ ನಡಿಗೆ ಯಾಕೆ?

ಯಾಕಂದ್ರೆ ನೋಡದಿದ್ದನ್ನು ಯಾರೂ ರಿಪೇರಿ ಮಾಡೋದಿಲ್ಲ. ನಡಿಗೆ ಅಂದ್ರೆ ಊರಿನ ತಪಾಸಣೆ ಇದ್ದಂಗ. ಯಾವ ಗೋಡೆ ಬಿರಿದದೆ, ಯಾವ ಬಾವಿಯಲ್ಲಿ ಕಸ ತುಂಬಿದೆ ಅಂತ ಮೂವತ್ತು ಮಂದಿ ಕೂಡೇ ನೋಡಿದರೆ ಅದು ಪುರಸಭೆ ಟೇಬಲ್ ತನಕ ಮುಟ್ತದೆ.

ದೊಡ್ಡ ಖರ್ಚೂ ಬೇಕಿಲ್ಲ. ತಿಂಗಳಿಗೆ ಒಂದು ರವಿವಾರ, ಎರಡು ತಾಸು ಸಾಕು. ಮೊದಲು ನಮ್ಮ ಶಾಲಿ ಹುಡುಗರು, ಊರವರೇ ನಡೀಲಿ, ಹೊರಗಿನವರು ಆಮೇಲೆ. ದಾರಿ ಗುಡಿಯಿಂದ ಶುರುವಾಗಿ ಬಜಾರದಾಗ ಮುಗಿಬೇಕು, ಕಡೀಗೆ ಗಿರಮಿಟ್, ಮಿರ್ಚಿ, ಚಾ. ಮಾತಾಡೋರು ಪ್ರೊಫೆಸರ್ ಅಷ್ಟೇ ಅಲ್ಲ, ಹಳೇ ಗೌಂಡಿ, ಬಡಿಗೇರ, ಜಮಖಾನ ನೇಯೋ ತಾಯಂದಿರೂ ಇರಲಿ. ಅವರ ದಿನದ ದುಡಿಮೆ ಹೋಗ್ತದೆ, ಅದಕ್ಕೆ ಸಂಭಾವನೆ ಕೊಡಬೇಕು. ಇದ್ದ ಮಂದಿಯನ್ನು ಕೇಳದೆ ಯಾರ ಮನೆಗೂ ಕ್ಯಾಮೆರಾ ಹಿಡಿದು ನುಗ್ಗಬಾರದು.

ಕುಂದಗೋಳ, ಅಣ್ಣಿಗೇರಿಗೆ ಹುಬ್ಬಳ್ಳಿಯಿಂದ ರೈಲೇ ಐತಿ. ಬರೋರಿಗೆ ಬೇಕಾದ್ದು ಸ್ವಚ್ಛ ಶೌಚಾಲಯ, ಕನ್ನಡದಲ್ಲಿ ನೆಟ್ಟಗೆ ಬರೆದ ಒಂದು ಫಲಕ, ದಾರಿ ತೋರಿಸೋ ಒಬ್ಬ ಮನುಷ್ಯ. ಫಲಕ, ಶೌಚಾಲಯ ಪುರಸಭೆ, ಪಟ್ಟಣ ಪಂಚಾಯಿತಿ ಕೈಯಲ್ಲೇ ಅದಾವ. ವ್ಯಾಪಾರಸ್ಥರ ಸಂಘದವರು ಒಂದು ಅರ್ಜಿ ಕೊಟ್ಟು ಬೆನ್ನು ಹತ್ತಿದರೆ ಆಗದ ಕೆಲಸ ಅಲ್ಲ.

ದಾರಿ ತೋರಿಸೋ ಮನುಷ್ಯನ ಮಾತು ಅಂದ್ರೆ, ನನ್ನಂಗ ಡಿಗ್ರಿ ಅರ್ಧಕ್ಕೆ ಬಿಟ್ಟು ಊರಾಗ ಉಳಿದ ಹುಡುಗರು ಪ್ರತಿ ಓಣಿಯಲ್ಲೂ ಇದ್ದಾರೆ. ಊರಿನ ಸಂದಿಗೊಂದಿ ಅವರಿಗೆ ಗೊತ್ತು. ಕಥೆ ಹೇಳೋದನ್ನು ಯಾರಾದರೂ ಕಲಿಸಿದರೆ ಸಾಕು, ಮೊದಲ ರವಿವಾರ ನಡೆಯೋಕೆ ಅವರು ತಯಾರು.